ಬೆಟ್ಟ ಹತ್ತುವ ಹುಡುಗಿಯರ ಅನಿಮೆ ‘ಯಾಮಾ ನೋ ಸುಸುಮೆ’: ಫುಜಿಯಿಂದ ಅರ್ಧಕ್ಕೆ ಮರಳುವ ಕಂತುಗಳ ಕುರಿತು

ನಿಧಾನಗಾಮಿ:

ಕಳೆದ ತಿಂಗಳು ಜ್ವರ ಬಂದು ಮಲಗಿದ್ದಾಗ ಉದ್ದನೆಯದೇನನ್ನೂ ನೋಡುವ ತ್ರಾಣವಿರಲಿಲ್ಲ. ಮೂರು ನಿಮಿಷಕ್ಕೆ ಮುಗಿದುಹೋಗುತ್ತದೆ ಎಂಬ ಒಂದೇ ಕಾರಣಕ್ಕೆ ಜಪಾನಿನ ಅನಿಮೆ ಸರಣಿಯೊಂದರ ಮೊದಲ ಕಂತನ್ನು ಹಾಕಿದೆ. ಸಂಜೆಯ ಹೊತ್ತಿಗೆ ಹನ್ನೆರಡೂ ಕಂತುಗಳು ಮುಗಿದಿದ್ದವು. ಅದರ ಹೆಸರು ‘ಯಾಮಾ ನೋ ಸುಸುಮೆ’. ಯಾಮಾ ಎಂದರೆ ಬೆಟ್ಟ, ಸುಸುಮೆ ಎಂದರೆ ಪ್ರೇರಣೆ ಅಥವಾ ಶಿಫಾರಸು. ‘ಬೆಟ್ಟ ಹತ್ತಿ ನೋಡಿ’ ಎಂದು ಕನ್ನಡದಲ್ಲಿ ಹೇಳಿಕೊಳ್ಳಬಹುದೇನೋ. ಶಿರೋ ಎಂಬ ಹೆಸರಿನಲ್ಲಿ ಬರೆಯುವ ಕಲಾವಿದರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಇದಕ್ಕೆ ಮೂಲ. ಅನಿಮೆಯ ಮೊದಲ ಸರಣಿ 2013ರಲ್ಲಿ, ಎರಡನೆಯದು 2014ರಲ್ಲಿ, ಮೂರನೆಯದು 2018ರಲ್ಲಿ, ನಾಲ್ಕನೆಯದು 2022ರಲ್ಲಿ ಬಂದಿವೆ. ಇಷ್ಟು ವರ್ಷ ಇದು ನನ್ನ ಕಣ್ಣಿಗೆ ಬೀಳದೇ ಇದ್ದುದಕ್ಕೆ ನನಗೇ ಬೇಸರವಾಗಿದೆ.

ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಓಯಿ ಎಂಬ ಹೈಸ್ಕೂಲು ಹುಡುಗಿ ಚಿಕ್ಕವಳಿದ್ದಾಗ ಆಟದ ಏಣಿಕಂಬಗಳಿಂದ ಬಿದ್ದು ಕಾಲು ಮುರಿದುಕೊಂಡವಳು; ಅಂದಿನಿಂದ ಎತ್ತರವೆಂದರೆ ಭಯ, ಮನೆಯೊಳಗೆ ಕೂತು ಹೊಲಿಗೆ ಹೆಣಿಗೆ ಮಾಡುವುದೇ ಇಷ್ಟ. ಊರು ಬಿಟ್ಟು ಹೋಗಿದ್ದ ಬಾಲ್ಯದ ಗೆಳತಿ ಹಿನಾತಾ ಮರಳಿ ಬಂದು, ‘ಮುಂದೊಂದು ದಿನ ಆ ಬೆಟ್ಟದ ಮೇಲಿನ ಸೂರ್ಯೋದಯವನ್ನು ಮತ್ತೆ ಒಟ್ಟಿಗೆ ನೋಡೋಣ’ ಎಂಬ ಹಳೆಯ ಮಾತನ್ನು ನೆನಪಿಸಿ ಇವಳನ್ನು ಎಳೆದುಕೊಂಡು ಹೊರಡುತ್ತಾಳೆ. ಆಮೇಲೆ ಚಾರಣದ ಸಾಮಾನುಗಳ ಹುಚ್ಚಿರುವ ಹಿರಿಯಳಾದ ಕಯೆದೆ, ಇವರಿಗಿಂತ ಕಿರಿಯಳಾದ, ಮಾತಿನಲ್ಲೂ ನಡೆಯಲ್ಲೂ ವಿನಯವೇ ತುಂಬಿರುವ ಕೊಕೊನಾ ಸೇರಿಕೊಳ್ಳುತ್ತಾರೆ.

ನಾನು ಚರ್ಚೆಗೆ ತರಬೇಕೆಂದಿರುವುದು ಎರಡನೆಯ ಸರಣಿಯ ನಡುಭಾಗವನ್ನು. (ಇನ್ನೂ ನೋಡದವರು, ಕಥೆ ಮೊದಲೇ ತಿಳಿಯಬಾರದು ಎನ್ನುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.) ನಾಲ್ವರೂ ಫುಜಿ ಹತ್ತಲು ಹೋಗುತ್ತಾರೆ. ಇಂಥ ಹಗುರವಾದ ಕಥೆಗಳಲ್ಲಿ ಏನಾಗಬೇಕೋ ಅದು ಇಲ್ಲಿ ಆಗುವುದಿಲ್ಲ. ಅಓಯಿಗೆ ತಲೆನೋವು, ವಾಕರಿಕೆ ಶುರುವಾಗುತ್ತದೆ. ಮೇಲಿನ ತಂಗುಮನೆಯಲ್ಲಿ ಅವಳು ಉಳಿಯಬೇಕಾಗುತ್ತದೆ, ಕಯೆದೆ ಅವಳ ಜೊತೆಗೆ ಉಳಿಯುತ್ತಾಳೆ. ಹಿನಾತಾ ಮತ್ತು ಕೊಕೊನಾ ತುದಿಗೆ ಹೋಗಿ ಸೂರ್ಯೋದಯವನ್ನು ನೋಡುತ್ತಾರೆ. ಕಥಾನಾಯಕಿಯನ್ನು ತುದಿಯ ಹತ್ತಿರಕ್ಕೆ ಕರೆದೊಯ್ದು ಹಿಂದಕ್ಕೆ ಕಳುಹಿಸಿದ್ದಾರೆ. ಅಷ್ಟಕ್ಕೇ ಮುಗಿಯುವುದಿಲ್ಲ, ಆ ಮೇಲೆ ಕೆಲವು ಕಾಲ ಅವಳಿಗೆ ಬೆಟ್ಟದ ಮಾತೇ ಬೇಡವಾಗುತ್ತದೆ.

ಕುಮಾರ ಪರ್ವತದಲ್ಲಿ ಕಲ್ಲು ಮಂಟಪದವರೆಗೆ ಹೋಗಿ, ಮೊಣಕಾಲು ಸಹಕರಿಸದೆ, ಜೊತೆಯವರನ್ನು ಮುಂದೆ ಕಳುಹಿಸಿ ಒಬ್ಬನೇ ಕುಳಿತಿದ್ದವನು ನಾನು. ಅವರು ಇಳಿದು ಬಂದು ತೋರಿಸಿದ ಫೋಟೋಗಳನ್ನು ನೋಡುತ್ತ ‘ಚೆನ್ನಾಗಿದೆ’ ಎಂದು ಹೇಳುವಾಗ ಗಂಟಲಿನಲ್ಲಿ ಏನಾಗುತ್ತದೆ ಎಂಬುದನ್ನು ಈ ಸರಣಿ ಅರಿತಿದೆ. ಆದುದರಿಂದ ಕೇಳುತ್ತೇನೆ: ಬಲ್ಲವರ ದೃಷ್ಟಿಯಲ್ಲಿ ಆ ಭಾಗ ನಂಬುವಂತಿದೆಯೇ, ಅಥವಾ ನನ್ನ ಸ್ವಂತ ನೆನಪಿನಿಂದಾಗಿ ನಾನು ಅದಕ್ಕೆ ಹೆಚ್ಚು ಅಂಕ ಕೊಡುತ್ತಿದ್ದೇನೆಯೇ?

ಮಲೆಯಂಚು:

ನಿಧಾನಗಾಮಿಯವರೇ, ನಂಬುವಂತಿದೆ ಎಂದಷ್ಟೇ ಹೇಳಿದರೆ ಸಾಲದು. ನಾನು ಹಿಮಾಲಯದ ಕಡೆಗೆ ಸಣ್ಣ ಗುಂಪುಗಳನ್ನು ಕರೆದುಕೊಂಡು ಹೋಗುವವನು. ಅನಿಮೆಯ ಬಗ್ಗೆ ನನಗೆ ಹೆಚ್ಚು ತಿಳಿಯದು. ನಿಮ್ಮ ಬರಹ ಓದಿ ಮೊದಲೆರಡು ಸರಣಿಗಳನ್ನು ನೋಡಿದೆ. ನೋಡುತ್ತ ಒಂದು ಕಾಗದದ ಮೇಲೆ ಅವರು ಹತ್ತುವ ಬೆಟ್ಟಗಳ ಎತ್ತರವನ್ನು ಬರೆದುಕೊಂಡೆ. ಊರಿನ ಪಕ್ಕದ ತೆನ್‌ರಾನ್‌ಜಾನ್ 197 ಮೀಟರ್, ಅದರಾಚೆಯ ತೊನೊಸು 271, ಟೋಕಿಯೋದ ತಕಾಓ 599, ಫುಜಿಗೆ ಎದುರಾಗಿ ನಿಂತ ಮಿತ್ಸುತೋಗೆ 1785, ಅಲ್ಲಿಂದ ನೇರವಾಗಿ ಫುಜಿ, 3776. ಕೊನೆಯ ಎರಡು ಅಂಕಿಗಳ ನಡುವಿನ ಅಂತರವನ್ನು ನೋಡಿದರೆ ಅಓಯಿಗೆ ಏನಾಗಲಿದೆ ಎಂಬುದನ್ನು ಯಾವ ಚಾರಣ ಮಾರ್ಗದರ್ಶಿಯಾದರೂ ಮೊದಲೇ ಹೇಳಿಬಿಡಬಹುದು. ಸಾಮಾನ್ಯವಾಗಿ 2500 ಮೀಟರಿನಿಂದ ಮೇಲೆ ಎತ್ತರದ ಕಾಯಿಲೆ ಕಾಣಿಸಿಕೊಳ್ಳತೊಡಗುತ್ತದೆ. ಈ ಹುಡುಗಿ ಅಲ್ಲಿಯವರೆಗೆ ಹತ್ತಿದ ಒಂದು ಬೆಟ್ಟವೂ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ.

ಫುಜಿಯ ವಿಶೇಷವೇನೆಂದರೆ ಅದು ಹತ್ತುವವರನ್ನು ಮೋಸಗೊಳಿಸುವ ಬೆಟ್ಟ. ಬುಡದಿಂದ ತುದಿಯವರೆಗಿನ ದಾರಿಯನ್ನು ಹಿಂದಿನಿಂದಲೂ ಹತ್ತು ಹಂತಗಳಾಗಿ ವಿಂಗಡಿಸಿದ್ದಾರೆ, ಆದರೆ ಇಂದು ಬಹುಪಾಲು ಜನ ಬಸ್ಸಿನಲ್ಲಿ ನೇರವಾಗಿ ಐದನೆಯ ಹಂತಕ್ಕೆ ಹೋಗಿ ಇಳಿಯುತ್ತಾರೆ. ಹತ್ತುವ ದಾರಿಗಳಲ್ಲೊಂದಾದ ಯೋಶಿದಾ ದಾರಿಯಲ್ಲಿ ಆ ಹಂತವೇ ಸುಮಾರು 2300 ಮೀಟರ್ ಎತ್ತರದಲ್ಲಿದೆ. ಬೆಳಿಗ್ಗೆ ಸಮುದ್ರಮಟ್ಟದ ಊರಿನಲ್ಲಿ ತಿಂಡಿ ತಿಂದವರು ಮಧ್ಯಾಹ್ನಕ್ಕೆ ಅಲ್ಲಿರುತ್ತಾರೆ, ರಾತ್ರಿಗೆ 3000 ಮೀಟರಿನ ಮೇಲಿನ ತಂಗುಮನೆಯಲ್ಲಿ ಮಲಗಿರುತ್ತಾರೆ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟೇ ಇರುತ್ತದೆ. ಪ್ರತಿ ಉಸಿರಿನಲ್ಲಿ ಒಳಗೆ ಹೋಗುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ಅದಕ್ಕೆ ಕಾಲ ಬೇಕು. ಐದನೆಯ ಹಂತದಲ್ಲಿ ಇಳಿದ ತಕ್ಷಣ ನಡೆಯದೆ ಒಂದು ತಾಸಾದರೂ ಅಲ್ಲೇ ಸುಳಿದಾಡಿ ಎಂದು ಹೇಳುವುದು ಇದೇ ಕಾರಣಕ್ಕೆ.

ಇನ್ನೊಂದು ವಿಷಯವನ್ನು ಸರಣಿ ಸರಿಯಾಗಿ ತೋರಿಸಿದೆ. ಎತ್ತರದ ಕಾಯಿಲೆಗೂ ಶಕ್ತಿಗೂ ಸಂಬಂಧವಿಲ್ಲ. ಓಟದಲ್ಲಿ ಪದಕ ಗೆದ್ದವನು ಮಲಗಿಬಿಡುತ್ತಾನೆ, ಪಕ್ಕದಲ್ಲಿ ನಡೆಯುತ್ತಿದ್ದ ಚಿಕ್ಕ ಹುಡುಗಿ ಏನೂ ಆಗದಂತೆ ಮುಂದೆ ಹೋಗುತ್ತಾಳೆ. ನಾಲ್ವರಲ್ಲಿ ಚಿಕ್ಕವಳಾದ ಕೊಕೊನಾ ತುದಿ ಮುಟ್ಟುತ್ತಾಳೆ. ಬರೆದವರು ಕಣ್ಣಾರೆ ಇಂಥದ್ದನ್ನು ಕಂಡಿರಬೇಕು. ತಲೆನೋವಿನೊಂದಿಗೆ ವಾಕರಿಕೆ ಸೇರಿಕೊಂಡಾಗ ಇನ್ನೂ ಹತ್ತುವುದು ತಪ್ಪು. ನಿಲ್ಲಬೇಕು, ಕಡಿಮೆಯಾಗದಿದ್ದರೆ ಇಳಿಯಬೇಕು. ಹಟ ಹಿಡಿದು ಹತ್ತಿದವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ಸೇರಿಕೊಂಡು ಪ್ರಾಣಕ್ಕೇ ಸಂಚಕಾರ ಬಂದದ್ದುಂಟು. ಕಯೆದೆ ಮಾಡಿದ್ದು ಅನುಭವಿ ನಾಯಕಿ ಮಾಡಬೇಕಾದ ಕೆಲಸ: ರೋಗಿಯನ್ನು ಒಬ್ಬಳನ್ನೇ ಬಿಡಲಿಲ್ಲ, ಉಳಿದಿಬ್ಬರನ್ನು ತಡೆಯಲೂ ಇಲ್ಲ.

ಓದುಗೂಡು:

ಸ್ವಲ್ಪ ಭಿನ್ನಾಭಿಪ್ರಾಯಕ್ಕೆ ಅವಕಾಶವಿರಲಿ. ನಾನು ಈ ಸರಣಿಯನ್ನು ಎರಡು ವರ್ಷದ ಹಿಂದೆಯೇ ಶುರುಮಾಡಿ ಬಿಟ್ಟವಳು. ಮುದ್ದು ಮುಖದ ಹುಡುಗಿಯರು ಒಂದು ಹವ್ಯಾಸವನ್ನು ಹಿಡಿದುಕೊಂಡು, ತಿಂಡಿ ತಿನ್ನುತ್ತ, ಕಣ್ಣರಳಿಸುತ್ತ ಹೋಗುವ ಅನಿಮೆಗಳು ಜಪಾನಿನಲ್ಲಿ ಒಂದು ಸಿದ್ಧಮಾದರಿಯೇ ಆಗಿಬಿಟ್ಟಿವೆ. ಸಂಗೀತವಾದರೆ ಗಿಟಾರು, ಶಿಬಿರವಾದರೆ ಡೇರೆ, ಇಲ್ಲಿ ಚಾರಣದ ಬೂಟು. ಪ್ರತಿ ಕಂತಿನಲ್ಲೂ ಒಂದು ಹೊಸ ವಸ್ತುವನ್ನು ತೋರಿಸಿ ಅದರ ಉಪಯೋಗವನ್ನು ವಿವರಿಸುವಾಗ ನನಗೆ ಅಂಗಡಿಯವರ ಕೈಪಿಡಿಯನ್ನು ಓದಿದಂತಾಯಿತು. ಬೆಟ್ಟದಲ್ಲಿ ಬೆವರು, ಕೊಳೆ, ಶೌಚದ ಕಷ್ಟ, ಬೊಬ್ಬೆ ಎದ್ದ ಹಿಮ್ಮಡಿ ಇವೆಲ್ಲ ಇರುತ್ತವೆ, ಇಲ್ಲಿ ಅವು ಕಾಣುವುದಿಲ್ಲ. ಪರ್ವತಾರೋಹಣದ ಚಿತ್ರ ಬೇಕೆಂದರೆ 2021ರಲ್ಲಿ ಬಂದ ಫ್ರೆಂಚ್ ಅನಿಮೇಷನ್ ಚಿತ್ರ ‘ದ ಸಮಿಟ್ ಆಫ್ ದ ಗಾಡ್ಸ್’ ಇದೆ. ಅದು ಜಿರೋ ತನಿಗುಚಿಯವರ ಮಾಂಗಾವನ್ನು ಆಧರಿಸಿದ್ದು. ಅದರಲ್ಲಿ ಹಗ್ಗದ ಮೇಲೆ ನೇತಾಡುವ ಮನುಷ್ಯನ ಉಸಿರು ನೋಡುವವರಿಗೆ ಕೇಳಿಸುತ್ತದೆ. ಅದರ ಮುಂದೆ ಇದು ಶಾಲೆಯ ಪಿಕ್ನಿಕ್ಕು.

ಫುಜಿಯ ಭಾಗವನ್ನು ನಾನು ನೋಡಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ನಿಧಾನಗಾಮಿ:

ಓದುಗೂಡು ಅವರ ಮಾತಿನಲ್ಲಿ ಅರ್ಧ ನಿಜವಿದೆ. ಸಾಮಾನುಗಳ ವಿವರಣೆ ಹೆಚ್ಚಾಯಿತು ಎಂದು ನನಗೂ ಕೆಲವೆಡೆ ಅನ್ನಿಸಿತು. ಆದರೆ ಆ ಸಾಮಾನುಗಳಿಗೆ ಇಲ್ಲಿ ಬೆಲೆಯಿದೆ ಎಂಬುದನ್ನು ಗಮನಿಸಬೇಕು. ಅಓಯಿ ಅಂಗಡಿಯಲ್ಲಿ ಬೂಟನ್ನು ಕೈಗೆತ್ತಿಕೊಳ್ಳುತ್ತಾಳೆ, ಚೀಟಿ ತಿರುಗಿಸಿ ನೋಡುತ್ತಾಳೆ, ಮೆಲ್ಲನೆ ಹಿಂದಕ್ಕಿಡುತ್ತಾಳೆ. ಹಣಕ್ಕಾಗಿ ಕೇಕಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅಪರಿಚಿತರೊಡನೆ ಮಾತನಾಡಲು ಹೆದರುವ ಹುಡುಗಿಗೆ ಅದೂ ಒಂದು ಏರುದಾರಿಯೇ. ಕೊಕೊನಾಳ ಮನೆಯಲ್ಲಿ ತಾಯಿಯೊಬ್ಬಳೇ ದುಡಿಯುವವಳು, ಹಾಗಾಗಿ ಅವಳಿಗೆ ಗೆಳತಿಯರಂತೆ ಕೊಳ್ಳುವ ಸೌಲಭ್ಯವಿಲ್ಲ. ಇದನ್ನು ಯಾರೂ ಭಾಷಣವಾಗಿ ಹೇಳುವುದಿಲ್ಲ. ಅಂಗಡಿಯ ಕೈಪಿಡಿಯಲ್ಲಿ ಇಂಥದ್ದಿರುವುದಿಲ್ಲ.

‘ಪಿಕ್ನಿಕ್ಕು’ ಎಂಬ ಪದವನ್ನು ನೀವು ದೂಷಣೆಯಾಗಿ ಬಳಸಿದ್ದೀರಿ. ಎವರೆಸ್ಟಿನ ಕಥೆಯನ್ನು ಹೇಳುವವರು ಬಹಳ ಜನ ಇದ್ದಾರೆ. 197 ಮೀಟರಿನ ಗುಡ್ಡಕ್ಕೆ ಒಂದು ಇಡೀ ಕಥೆಯನ್ನು ಕೊಡುವವರು ಕಡಿಮೆ.

ಸೈತಾಮಾ ವಾಸಿ:

ಆ 197 ಮೀಟರಿನ ಗುಡ್ಡದ ಬಗ್ಗೆ ನಾನು ಸ್ವಲ್ಪ ಹೇಳಬಹುದು. ಉದ್ಯೋಗದ ನಿಮಿತ್ತ ಆರು ವರ್ಷಗಳಿಂದ ಸೈತಾಮಾ ಪ್ರಾಂತ್ಯದಲ್ಲಿದ್ದೇನೆ. ಕಥೆ ನಡೆಯುವ ಹನ್ನೋ ಊರು ಇದೇ ಪ್ರಾಂತ್ಯದ್ದು, ಕಲ್ಪಿತ ಊರಲ್ಲ. ಟೋಕಿಯೋದ ಇಕೆಬುಕುರೋ ನಿಲ್ದಾಣದಲ್ಲಿ ಸೇಯ್ಬು ಕಂಪನಿಯ ವೇಗದ ರೈಲು ಹತ್ತಿದರೆ ಸುಮಾರು ನಲವತ್ತು ನಿಮಿಷದ ಪ್ರಯಾಣ. ಬಯಲು ಮುಗಿದು ಬೆಟ್ಟ ಶುರುವಾಗುವ ಅಂಚಿನಲ್ಲಿ ಊರು ಕುಳಿತಿದೆ. ಒಂದು ಕಡೆ ನೋಡಿದರೆ ಮಹಾನಗರದ ಉಪನಗರ, ಇನ್ನೊಂದು ಕಡೆ ನೋಡಿದರೆ ದೇವದಾರು ಜಾತಿಯ ಮರಗಳ ಕಾಡು. ಇರುಮಾ ನದಿ ಊರಿನ ಪಕ್ಕದಲ್ಲೇ ಹರಿಯುತ್ತದೆ. ಸರಣಿಯಲ್ಲಿ ಹುಡುಗಿಯರು ಓಡಾಡುವ ಬೀದಿಗಳು, ಸೇತುವೆಗಳು, ನದಿಯ ದಂಡೆ, ಎಲ್ಲವನ್ನೂ ಸ್ಥಳಕ್ಕೆ ಹೋಗಿ ನೋಡಿಯೇ ಬರೆದಿದ್ದಾರೆ. ಕೈಯಲ್ಲಿ ಫೋನು ಹಿಡಿದು, ಚಿತ್ರದ ಚೌಕಟ್ಟನ್ನೂ ಎದುರಿನ ದೃಶ್ಯವನ್ನೂ ಹೋಲಿಸುತ್ತ ನಿಂತವರನ್ನು ನಾನೇ ಕಂಡಿದ್ದೇನೆ. ಅನಿಮೆಯ ಸ್ಥಳಗಳಿಗೆ ಹೀಗೆ ಹೋಗುವುದನ್ನು ಇಲ್ಲಿನವರು ‘ಸೇಯ್ಚಿ ಜುನ್ರೇ’ ಎನ್ನುತ್ತಾರೆ. ಪುಣ್ಯಕ್ಷೇತ್ರ ಯಾತ್ರೆ ಎಂದೇ ಅದರ ಅರ್ಥ.

ತೆನ್‌ರಾನ್‌ಜಾನ್ ಎಂಬ ಹೆಸರಿಗೂ ಒಂದು ಕಥೆಯಿದೆ. 1883ರಲ್ಲಿ ಮೇಯ್ಜಿ ಚಕ್ರವರ್ತಿ ಈ ಗುಡ್ಡದ ಮೇಲೆ ನಿಂತು ಸೈನ್ಯದ ತಾಲೀಮನ್ನು ನೋಡಿದರಂತೆ. ‘ತೆನ್‌ರಾನ್’ ಎಂದರೆ ಚಕ್ರವರ್ತಿಯ ವೀಕ್ಷಣೆ. ಬುಡದಲ್ಲಿ ನೋನಿನ್‌ಜಿ ಎಂಬ ಬೌದ್ಧ ದೇವಾಲಯವಿದೆ, ಮೇಲೆ ಹೋಗುವ ದಾರಿಯ ಬಂಡೆಗಳ ನಡುವೆ ಬುದ್ಧನ ಶಿಷ್ಯರಾದ ಹದಿನಾರು ಅರ್ಹಂತರ ಕಲ್ಲಿನ ವಿಗ್ರಹಗಳಿವೆ. ಊರಿನ ಇನ್ನೊಂದು ದೇವಾಲಯವಾದ ಕನ್ನೋನ್‌ಜಿಯಲ್ಲಿ ಗಂಟೆ ತೂಗಬೇಕಾದ ಮಂಟಪದಲ್ಲಿ ಬಿಳಿ ಆನೆಯ ಪ್ರತಿಮೆ ನಿಂತಿದೆ. ಯುದ್ಧಕಾಲದಲ್ಲಿ ಗಂಟೆಯನ್ನು ಲೋಹಕ್ಕಾಗಿ ಒಪ್ಪಿಸಬೇಕಾಗಿ ಬಂದು ಮಂಟಪ ಬರಿದಾಗಿತ್ತು. ನಾನು ಮೊದಲ ಬಾರಿ ಹೋದಾಗ ಆ ಆನೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ದಸರೆಯ ಆನೆಗಳನ್ನು ನೋಡಿ ಬೆಳೆದ ಮೈಸೂರಿನವನಿಗೆ ಜಪಾನಿನ ಸಣ್ಣ ಊರಿನಲ್ಲಿ ಅದು ಸಿಕ್ಕಾಗ ಏನೆನ್ನಬೇಕೋ ತೋಚಲಿಲ್ಲ.

ಗುಡ್ಡ ಹತ್ತಲು ನಿಲ್ದಾಣದಿಂದ ನಡೆದು ಹೋದರೂ ಒಂದು ತಾಸು ಸಾಕು. ನಾನು ಹತ್ತುವಾಗ ಶಿಶುವಿಹಾರದ ಮಕ್ಕಳ ಸಾಲೊಂದು ಹಳದಿ ಟೋಪಿ ಹಾಕಿಕೊಂಡು ಇಳಿಯುತ್ತಿತ್ತು. ಒಬ್ಬೊಬ್ಬರೂ ‘ಕೊನ್ನಿಚಿವಾ’ ಎನ್ನುತ್ತ ಹೋದರು. ಜಪಾನಿನ ಬೆಟ್ಟದ ದಾರಿಯಲ್ಲಿ ಎದುರಾದವರಿಗೆ ಹೀಗೆ ನಮಸ್ಕಾರ ಹೇಳುವುದು ಪದ್ಧತಿ. ಪಟ್ಟಣದ ರೈಲಿನಲ್ಲಿ ಪಕ್ಕದಲ್ಲಿ ಕುಳಿತವರ ಮುಖವನ್ನೂ ನೋಡದ ಜನ ಬೆಟ್ಟದಲ್ಲಿ ಎಲ್ಲರಿಗೂ ನಮಸ್ಕರಿಸುತ್ತಾರೆ. ಅಓಯಿಯಂಥ ಸಂಕೋಚದ ಹುಡುಗಿಗೆ ಬೆಟ್ಟವೇ ಮಾತು ಕಲಿಸಿತು ಎಂಬುದು ಇಲ್ಲಿದ್ದು ನೋಡಿದರೆ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ತಕಾಓ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 599 ಮೀಟರಿನ ಆ ಬೆಟ್ಟಕ್ಕೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಕೇಬಲ್ ರೈಲು ಅರ್ಧ ದಾರಿಯವರೆಗೆ ಒಯ್ಯುತ್ತದೆ; ಅದರ ಹಳಿ ಒಂದೆಡೆ 31 ಡಿಗ್ರಿಗೂ ಮಿಕ್ಕಿ ಓರೆಯಾಗಿದೆ. ಎತ್ತರಕ್ಕೆ ಹೆದರುವವರು ಅದರಲ್ಲಿ ಕೂರುವುದಕ್ಕಿಂತ ನಡೆದು ಹತ್ತುವುದೇ ಮೇಲು.

ಗೆರೆಬಣ್ಣ:

ಚಿತ್ರ ಬರೆಯುವವಳಾಗಿ ನಾನು ಬೇರೊಂದು ಬಾಗಿಲಿನಿಂದ ಒಳಗೆ ಬರುತ್ತೇನೆ. ಈ ಸರಣಿಯ ಕಂತುಗಳ ಉದ್ದವೇ ಒಂದು ಕುತೂಹಲದ ವಿಷಯ. ಮೊದಲ ಸರಣಿ ಟಿವಿಯಲ್ಲಿ ಜಾಹೀರಾತೂ ಸೇರಿ ಐದು ನಿಮಿಷದ ಸಮಯದಲ್ಲಿ ಪ್ರಸಾರವಾದದ್ದು. ಎರಡನೆಯ ಮತ್ತು ಮೂರನೆಯ ಸರಣಿಗಳು ಹದಿನೈದು ನಿಮಿಷದ ಸಮಯದಲ್ಲಿ. ನಾಲ್ಕನೆಯದು, ಅಂದರೆ ‘ನೆಕ್ಸ್ಟ್ ಸಮಿಟ್’, ಅರ್ಧ ಗಂಟೆಯ ಪೂರ್ಣ ಅಳತೆಯದು. ಒಂದು ಕಥೆ ಹತ್ತು ವರ್ಷಗಳಲ್ಲಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ್ದನ್ನು ನಾನು ಬೇರೆ ಕಂಡಿಲ್ಲ. ಏಯ್ಟ್‌ಬಿಟ್ ಸ್ಟುಡಿಯೋ ಮತ್ತು ನಿರ್ದೇಶಕ ಯೂಸುಕೆ ಯಮಾಮೊತೊ ಆರಂಭದಿಂದ ಕೊನೆಯವರೆಗೆ ಇದರೊಂದಿಗೆ ಇದ್ದಾರೆ. ಪಾತ್ರಗಳ ರೂಪವಿನ್ಯಾಸ ಯೂಸುಕೆ ಮಾತ್ಸುಓ ಅವರದು.

ಕಂತುಗಳು ಚಿಕ್ಕವಾಗಿದ್ದುದರಿಂದ ಕೆಲವು ಕಂತುಗಳನ್ನು ಬಹಳ ಕಡಿಮೆ ಮಂದಿ ಕಲಾವಿದರು ಬರೆದಿದ್ದಾರೆ. ಇದರ ಪರಿಣಾಮವನ್ನು ಕಣ್ಣಿಟ್ಟು ನೋಡಿದರೆ ಕಾಣಬಹುದು: ಒಂದು ಕಂತಿನಲ್ಲಿ ಅಓಯಿಯ ಮುಖ ದುಂಡಗೆ ಮೃದುವಾಗಿರುತ್ತದೆ, ಇನ್ನೊಂದರಲ್ಲಿ ಗೆರೆ ಹರಿತವಾಗಿ ಕೂದಲು ಗಾಳಿಗೆ ಬೇರೆಯದೇ ರೀತಿಯಲ್ಲಿ ಹಾರುತ್ತದೆ. ಕಾರ್ಖಾನೆಯ ಅಚ್ಚಿನಂತೆ ಎಲ್ಲವನ್ನೂ ಸಮಮಾಡುವ ಪದ್ಧತಿಗೆ ಒಗ್ಗಿದವರಿಗೆ ಇದು ದೋಷವಾಗಿ ಕಂಡೀತು; ನನಗೆ ಬರೆದವರ ಕೈ ಕಾಣುತ್ತದೆ ಎಂಬುದೇ ಸಂತೋಷ. ಬೆಟ್ಟ ಹತ್ತುವವರ ನಡಿಗೆಯನ್ನು ಬರೆಯುವುದು ಸುಲಭವಲ್ಲ. ಚೀಲದ ಭಾರಕ್ಕೆ ಮೈ ಮುಂದಕ್ಕೆ ಬಾಗುವುದು, ಇಳಿಜಾರಿನಲ್ಲಿ ಮುಂಗಾಲು ಹುಡುಕುತ್ತ ಇಳಿಯುವುದು, ದಣಿದವಳ ಹೆಜ್ಜೆ ಇತರರ ಹೆಜ್ಜೆಗಿಂತ ಒಂದು ಕ್ಷಣ ತಡವಾಗಿ ಬೀಳುವುದು, ಇವನ್ನೆಲ್ಲ ಮಾತಿಲ್ಲದೆ ಗೆರೆಯಲ್ಲೇ ಹೇಳಿದ್ದಾರೆ. ಓದುಗೂಡು ಅವರು ಬೆವರು ಕಾಣುವುದಿಲ್ಲ ಎಂದರು. ದಣಿವನ್ನು ಮುಖದಲ್ಲಿ ಹುಡುಕಬೇಡಿ, ಕಾಲಿನಲ್ಲಿ ನೋಡಿ ಎನ್ನುವುದು ನನ್ನ ಸಲಹೆ.

ಇದೇ ಸ್ಟುಡಿಯೋಗೆ ಮುಂದೆ ಶಿಬಿರ ಹೂಡುವ ಹುಡುಗಿಯರ ‘ಯುರು ಕ್ಯಾಂಪ್’ನ ಮೂರನೆಯ ಸರಣಿಯೂ ಬಂತು, 2024ರಲ್ಲಿ. ಅದು ಬೇರೆಯೇ ಚರ್ಚೆ.

ದಾರಿಹೋಕ:

ಎಲ್ಲಿಂದ ಶುರುಮಾಡಬೇಕೆಂದು ಯಾರಾದರೂ ತಿಳಿಸುವಿರಾ? ನಾಲ್ಕನೆಯ ಸರಣಿಯಲ್ಲೇ ಹಿಂದಿನ ಕಥೆಯೆಲ್ಲ ಇದೆ ಎಂದು ಕೇಳಿದ್ದೇನೆ.

ಗೆರೆಬಣ್ಣ:

ಅದರ ಮೊದಲ ನಾಲ್ಕು ಕಂತುಗಳು ಹಿಂದಿನ ಮೂರು ಸರಣಿಗಳ ಸಾರವನ್ನು ಹೊಸದಾಗಿ ಬರೆದ ಕೆಲವು ಭಾಗಗಳೊಡನೆ ಹೇಳುತ್ತವೆ. ಸಮಯವಿಲ್ಲದಿದ್ದರೆ ಅಲ್ಲಿಂದ ಶುರುಮಾಡಬಹುದು, ಆದರೆ ನಾನು ಹಾಗೆ ಮಾಡಬೇಡಿ ಎನ್ನುತ್ತೇನೆ. ಸಾರದಲ್ಲಿ ಅಓಯಿ ಕೆಲವೇ ನಿಮಿಷದಲ್ಲಿ ಫುಜಿಯಿಂದ ಮರಳಿ ಬಂದುಬಿಡುತ್ತಾಳೆ. ಆ ಮೇಲೆ ಅವಳು ಮಂಕಾಗಿ ಕಳೆಯುವ ದಿನಗಳ ತೂಕ ಅದರಲ್ಲಿ ಸಿಗುವುದಿಲ್ಲ. ಮೊದಲ ಸರಣಿಯ ಹನ್ನೆರಡು ಕಂತು ಸೇರಿದರೂ ಒಂದು ತಾಸು ಆಗುವುದಿಲ್ಲ. 2017ರಲ್ಲಿ ಚಿತ್ರಮಂದಿರಕ್ಕೆ ಬಂದ ‘ಒಮೊಯ್ದೆ ಪ್ರೆಸೆಂಟ್’ ಅನ್ನು ಎರಡನೆಯ ಮತ್ತು ಮೂರನೆಯ ಸರಣಿಗಳ ನಡುವೆ ನೋಡಿ.

ಹೊಂಗೆನೆರಳು:

ಈ ಚರ್ಚೆಯಲ್ಲಿ ಹುಡುಗಿಯರು ಮತ್ತು ಫುಜಿ ಎಂಬ ಜೋಡಿಯ ಹಿಂದಿನ ಇತಿಹಾಸವನ್ನು ಯಾರೂ ಎತ್ತಲಿಲ್ಲ, ಆದುದರಿಂದ ನಾನು ಹೇಳುತ್ತೇನೆ. ಫುಜಿ ಪವಿತ್ರ ಪರ್ವತವೆಂಬ ಕಾರಣಕ್ಕೆ ಶತಮಾನಗಳ ಕಾಲ ಹೆಂಗಸರು ಅದರ ತುದಿಗೆ ಹೋಗುವಂತಿರಲಿಲ್ಲ. 1832ರಲ್ಲಿ ತಕಾಯಾಮಾ ತಾತ್ಸು ಎಂಬಾಕೆ ಗಂಡಸಿನ ವೇಷ ಹಾಕಿಕೊಂಡು ಹತ್ತಿದಳು. ಸರ್ಕಾರ ಈ ನಿಷೇಧವನ್ನು ತೆಗೆದುಹಾಕಿದ್ದು 1872ರಲ್ಲಿ. ಅಂದರೆ ಶಾಲೆಯ ರಜೆಯಲ್ಲಿ ನಾಲ್ವರು ಹುಡುಗಿಯರು ಟಿಕೆಟು ಕೊಂಡು ಬಸ್ಸು ಹತ್ತಿ ಫುಜಿಗೆ ಹೋಗುವುದು ಎಂಬ ‘ಪಿಕ್ನಿಕ್ಕು’ ಸಾಧ್ಯವಾಗಲು ಅಷ್ಟು ಕಾಲ ಹಿಡಿಯಿತು.

ಜುಂಕೊ ತಬೇಯ್ ಅವರನ್ನು ಇಲ್ಲಿ ನೆನೆಯದೆ ಇರಲಾಗದು. 1975ರ ಮೇ 16ರಂದು ಎವರೆಸ್ಟ್ ಏರಿ, ಅಲ್ಲಿ ನಿಂತ ಮೊದಲ ಮಹಿಳೆಯಾದವರು ಅವರು. ಬಾಲ್ಯದಲ್ಲಿ ದುರ್ಬಲ ಹುಡುಗಿಯೆಂದು ಹೆಸರಾಗಿದ್ದವರು. ಹತ್ತು ವರ್ಷದವರಿದ್ದಾಗ ಶಾಲೆಯ ಗುಂಪಿನೊಡನೆ ನಾಸು ಬೆಟ್ಟಕ್ಕೆ ಹೋದದ್ದೇ ಅವರ ಮೊದಲ ಏರಿಕೆ. ಈಶಾನ್ಯ ಜಪಾನಿನಲ್ಲಿ ಆದ 2011ರ ಭೂಕಂಪ ಮತ್ತು ಸುನಾಮಿಯ ನಂತರ, 2012ರಿಂದ ಅವರು ಆ ಪ್ರದೇಶದ ಹೈಸ್ಕೂಲು ಮಕ್ಕಳನ್ನು ಪ್ರತಿ ಬೇಸಿಗೆಯಲ್ಲೂ ಫುಜಿಗೆ ಕರೆದುಕೊಂಡು ಹೋಗುತ್ತಿದ್ದರು. 2016ರ ಜುಲೈಯಲ್ಲಿ, ಕ್ಯಾನ್ಸರ್ ಮೈಯಲ್ಲಿರುವಾಗಲೇ, ಮಕ್ಕಳೊಡನೆ ಹೊರಟು ಸುಮಾರು 3010 ಮೀಟರಿನವರೆಗೆ ಹತ್ತಿ ಅಲ್ಲಿಗೆ ನಿಲ್ಲಿಸಿದರು. ಮಕ್ಕಳು ಮುಂದೆ ಹೋದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಎವರೆಸ್ಟ್ ಹತ್ತಿದವರ ಕೊನೆಯ ಬೆಟ್ಟ ಅರ್ಧಕ್ಕೆ ನಿಂತ ಫುಜಿ. ಆ ಅನಿಮೆಯ ಕಂತು ಬಂದದ್ದು ಇದಕ್ಕಿಂತ ಎರಡು ವರ್ಷ ಮೊದಲು, ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಆ ತಂಗುಮನೆಯ ದೃಶ್ಯವನ್ನು ನೋಡುವಾಗಲೆಲ್ಲ ನನಗೆ ತಬೇಯ್ ಅವರ ನೆನಪು ಬರುತ್ತದೆ.

ಓದುಗೂಡು:

ಶನಿವಾರ ಕುಳಿತು ಫುಜಿಯ ಭಾಗವನ್ನೂ ಅದರ ಮುಂದಿನದನ್ನೂ ನೋಡಿದೆ. ನನ್ನ ‘ಪಿಕ್ನಿಕ್ಕು’ ಎಂಬ ಮಾತನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಸಿಹಿ ಸ್ವಲ್ಪ ಹೆಚ್ಚೇ ಇದೆ. ಆದರೆ ನನಗೆ ನಾಟಿದ್ದು ಕಾಯಿಲೆಯ ದೃಶ್ಯವಲ್ಲ. ಇಳಿದು ಬಂದ ಮೇಲೆ ಹಿನಾತಾಳಿಗೆ ತಾನು ಕಂಡ ಸೂರ್ಯೋದಯದ ಬಗ್ಗೆ ಎಷ್ಟು ಹೇಳಬೇಕು, ಎಷ್ಟು ಹೇಳಬಾರದು ಎಂಬುದು ತಿಳಿಯುವುದಿಲ್ಲ. ತುದಿ ಮುಟ್ಟಿದವಳಿಗೂ ಅದರ ಸಂತೋಷ ಅರ್ಧವೇ ಸಿಕ್ಕಿತು. ಸೋತವಳ ದುಃಖವನ್ನು ಬರೆಯುವವರು ಬಹಳ ಇದ್ದಾರೆ, ಗೆದ್ದವಳ ಮುಜುಗರವನ್ನು ಬರೆಯುವವರು ವಿರಳ.

ಮಲೆಯಂಚು ಅವರಲ್ಲಿ ಒಂದು ಪ್ರಶ್ನೆ. ಎರಡನೆಯ ಸರಣಿಯ ಕೊನೆಗೆ ಬರುವ ತನಿಗಾವಾ ಬೆಟ್ಟದ ಎತ್ತರ 1977 ಮೀಟರ್ ಎಂದು ಹುಡುಕಿ ನೋಡಿದೆ, ಫುಜಿಯ ಅರ್ಧಕ್ಕಿಂತ ತುಸು ಹೆಚ್ಚು. ಬಾಲ್ಯದ ಮಾತು ಈಡೇರುವ ಬೆಟ್ಟ ಅದು. ಸೋತ ಮೇಲೆ ಚಿಕ್ಕ ಬೆಟ್ಟಕ್ಕೆ ಕಳುಹಿಸಿದ್ದು ಸಮಾಧಾನಕ್ಕಾಗಿಯೇ?

ಮಲೆಯಂಚು:

ಚಿಕ್ಕ ಬೆಟ್ಟ ಎಂದು ತನಿಗಾವಾವನ್ನು ಮಾತ್ರ ಕರೆಯಬೇಡಿ. 1931ರಿಂದೀಚೆಗೆ ಆ ಬೆಟ್ಟದಲ್ಲಿ 800ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿದ್ದಾರೆ. ಅವರಲ್ಲಿ ಬಹುಪಾಲು ಅದರ ಕಡಿದಾದ ಬಂಡೆಗೋಡೆಗಳನ್ನು ಹತ್ತಲು ಹೋದವರು. ಹುಡುಗಿಯರು ಹೋಗುವುದು ಸಾಮಾನ್ಯ ಚಾರಣದ ದಾರಿಯಲ್ಲಿ, ಆದರೂ ಅಲ್ಲಿನ ಹವಾಮಾನವನ್ನು ನಂಬುವಂತಿಲ್ಲ. ಜಪಾನ್ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿಗೂ ಶಾಂತಸಾಗರದ ಕಡೆಯ ಒಣ ಹವೆಗೂ ನಡುವಿನ ಗಡಿಯಲ್ಲಿ ಅದು ನಿಂತಿದೆ, ಹಾಗಾಗಿ ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನಕ್ಕೆ ಎದುರಿನವರ ಮುಖ ಕಾಣದಂತಾಗುವುದು ಅಲ್ಲಿ ವಿಶೇಷವಲ್ಲ. ತುದಿಯಲ್ಲಿ ಎರಡು ಶಿಖರಗಳಿವೆ, ಎರಡರ ಹೆಸರಿನಲ್ಲೂ ‘ಮಿಮಿ’ ಎಂಬ ಪದವಿದೆ, ಅಂದರೆ ಕಿವಿ. ಹಿಂದಿನದು ಮುಂದಿನದಕ್ಕಿಂತ 14 ಮೀಟರ್ ಎತ್ತರ.

ನನ್ನ ಕಾಗದದ ಪಟ್ಟಿಯನ್ನು ಮುಂದುವರಿಸಿದ್ದೇನೆ. ಫುಜಿಯ ನಂತರ ಅವಳು ಎತ್ತರಕ್ಕಿಂತ ದಾರಿಯ ಸ್ವಭಾವವನ್ನು ಕಲಿಯುತ್ತಾಳೆ: ಗಾಳಿ, ಬಂಡೆ, ದೀರ್ಘ ನಡಿಗೆ. ಮೂರನೆಯ ಸರಣಿಯಲ್ಲಿ ಕಿನ್‌ಪು ಬರುತ್ತದೆ, 2599 ಮೀಟರ್, ನಾನು ಮೊದಲು ಹೇಳಿದ 2500ರ ಗೆರೆಯ ಮೇಲೆ. ಅಲ್ಲಿ ತೊಂದರೆಗೆ ಸಿಕ್ಕುವವಳು ಅಓಯಿ ಅಲ್ಲ, ಮೊಣಕಾಲು ನೋಯಿಸಿಕೊಂಡ ಹಿನಾತಾ. ನಿಧಾನಗಾಮಿಯವರಿಗೆ ಈ ಭಾಗ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾದೀತು. ಅವಸರದಲ್ಲಿ ದೊಡ್ಡ ಹೆಜ್ಜೆ ಹಾಕಿ ಇಳಿಯುವುದೇ ಮೊಣಕಾಲಿನ ಶತ್ರು. ಕೋಲು ಹಿಡಿದು, ಸಣ್ಣ ಹೆಜ್ಜೆಯಲ್ಲಿ, ಮೊಣಕಾಲನ್ನು ಸ್ವಲ್ಪ ಬಾಗಿಸಿಕೊಂಡೇ ಇಳಿಯಬೇಕು. ಇದೆಲ್ಲ ಆದ ಮೇಲೆ ನಾಲ್ಕನೆಯ ಸರಣಿಯ ಕೊನೆಯಲ್ಲಿ ಮತ್ತೆ ಫುಜಿ. ಎರಡನೆಯ ಬಾರಿ ಅವಳು ತುದಿ ಮುಟ್ಟುವುದಕ್ಕೆ ಮನೋಬಲವಷ್ಟೇ ಕಾರಣವೆಂದು ತೋರಿಸಿದ್ದರೆ ನಾನು ಟಿವಿ ಆರಿಸಿ ಎದ್ದು ಹೋಗುತ್ತಿದ್ದೆ. ನಡುವೆ ಹತ್ತಿದ ಬೆಟ್ಟಗಳು ಕಾರಣವೆಂದು ಸರಣಿ ಬಲ್ಲದು.

ಈಗ ಫುಜಿಗೆ ಹೋಗುವವರಿಗೆ ಒಂದು ಸೂಚನೆ: ಸರಣಿಯಲ್ಲಿ ಕಂಡಂತೆ ಬಸ್ಸಿಳಿದು ನಡೆಯುವಂತಿಲ್ಲ. ಯೋಶಿದಾ ದಾರಿಯಲ್ಲಿ 2024ರಿಂದ ದಿನಕ್ಕೆ 4000 ಜನರ ಮಿತಿ ಇದೆ, ಶುಲ್ಕವೂ ಇದೆ. 2025ರಲ್ಲಿ ಆ ಶುಲ್ಕ 4000 ಯೆನ್ನಿಗೆ ಏರಿತು, ತಂಗುಮನೆಯಲ್ಲಿ ಜಾಗ ಕಾಯ್ದಿರಿಸದವರಿಗೆ ಮಧ್ಯಾಹ್ನ ಎರಡರ ನಂತರ ಬಾಗಿಲು ಮುಚ್ಚುತ್ತದೆ. ತಂಗದೆ ರಾತ್ರಿಯಿಡೀ ಹತ್ತಿ ಸೂರ್ಯೋದಯಕ್ಕೆ ತುದಿಗೆ ಓಡುವವರನ್ನು ತಡೆಯಲೆಂದೇ ಈ ಏರ್ಪಾಡು. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ವಿಡಿಯೋ ನೋಡಿದವರಿಗೆ, ಆಮೇಲೆ ನಮ್ಮಲ್ಲೂ ಆನ್‌ಲೈನ್ ಬುಕಿಂಗ್ ಬಂದದ್ದನ್ನು ಕಂಡವರಿಗೆ, ಇದನ್ನು ವಿವರಿಸಬೇಕಾಗಿಲ್ಲ.

ನಿಧಾನಗಾಮಿ:

ನಾಲ್ಕನೆಯ ಸರಣಿಯನ್ನು ನಿನ್ನೆ ರಾತ್ರಿ ಮುಗಿಸಿದೆ. ಫುಜಿಯ ಕಂತುಗಳ ಹೊತ್ತಿಗೆ ಅಮ್ಮನೂ ಬಂದು ಕುಳಿತರು. ಜಪಾನಿ ಭಾಷೆಯೂ ತಿಳಿಯದು, ಸಬ್‌ಟೈಟಲ್ ಓದಲು ಕನ್ನಡಕವೂ ಹತ್ತಿರವಿರಲಿಲ್ಲ, ಆದರೂ ಹಿಂದಿನ ಬಾರಿ ಏನಾಗಿತ್ತೆಂದು ನಾನು ಹೇಳಿದ ಮೇಲೆ ಅವರು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನೋಡಿದರು. ಅಓಯಿ ನಿಂತು ಉಸಿರು ತೆಗೆದುಕೊಂಡಾಗಲೆಲ್ಲ ‘ನಿಧಾನ ಕಣೇ, ನಿಧಾನ’ ಎನ್ನುತ್ತಿದ್ದರು. ತುದಿ ಮುಟ್ಟಿದ ಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಆದುದರಿಂದ ಸೈತಾಮಾದವರಲ್ಲಿ ಕೇಳುತ್ತೇನೆ: ಆ ಹುಡುಗಿ ಮೊಟ್ಟಮೊದಲು ಹತ್ತಿದಳಲ್ಲ, ಊರ ಪಕ್ಕದ ಆ ಗುಡ್ಡ, ಅಲ್ಲಿಂದ ಫುಜಿ ಕಾಣುತ್ತದೆಯೇ?

ಸೈತಾಮಾ ವಾಸಿ:

ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ. ಕಾಣುತ್ತದೆ. ತೆನ್‌ರಾನ್‌ಜಾನ್‌ನ ತುದಿಯಲ್ಲಿರುವ ವೀಕ್ಷಣೆಯ ಕಟ್ಟೆಯ ಮೇಲೆ ನಿಂತರೆ, ಚಳಿಗಾಲದ ಶುಭ್ರವಾದ ಬೆಳಗಿನಲ್ಲಿ, ಹತ್ತಿರದ ಬೆಟ್ಟಸಾಲಿನ ಹಿಂದೆ ಅದರ ಬಿಳಿಯ ತುದಿ ಕಾಣಿಸುತ್ತದೆ. ನಾನು ಮೂರು ಸಲ ಹೋಗಿದ್ದೇನೆ, ಎರಡು ಸಲ ಮೋಡ.